ಪುಸ್ತಕವಿಲ್ಲದೆ ಹಗೇವಿಗೆ ಇಳಿದದ್ದು

ವಿಮಾನ ನಿಲ್ದಾಣ, ಇಂಗ್ಲೆಂಡ್

ನಾಯಿ ಬೊಗಳಲಿಲ್ಲ. ನಮ್ಮ ತಳ್ಳುಗಾಡಿಯ ಹತ್ತಿರ ಬಂದು, ಒಮ್ಮೆ ಮೂಸಿ, ರಟ್ಟಿನ ಪೆಟ್ಟಿಗೆಯ ಮುಂದೆ ಒಪ್ಪವಾಗಿ ಕುಳಿತುಕೊಂಡಿತು. ಎಷ್ಟು ಶಿಸ್ತಿನ ನಾಯಿ ಎಂದು ಮೆಚ್ಚಿಕೊಂಡೆ. "ನೋಡು ಸವಿತಾ, ಹೆಂಗೆ ಕೂತದೆ" ಎಂದು ತೋರಿಸಿದೆ ಕೂಡ. ಅದು ಹಾಗೆ ಕುಳಿತರೆ ಪೆಟ್ಟಿಗೆಯಲ್ಲಿ ತರಬಾರದ್ದು ಏನೋ ಇದೆ ಎಂದು ಅರ್ಥ. ಈ ವಿಷಯವನ್ನು ಅದರ ಹಿಂದೆ ಬಂದ ಸಮವಸ್ತ್ರದ ಹೆಂಗಸು ಬಹಳ ವಿನಯದಿಂದ ತಿಳಿಸಿದರು.

ಸವಿತಾ ನನ್ನ ತಂಗಿಯ ಮಗಳು. ಕೆ.ಆರ್. ನಗರ ತಾಲ್ಲೂಕಿನ ಭೇರ್ಯದವಳು, ಪರವಾನಗಿ ಇರುವ ಭೂಮಾಪಕಿ. ವಾರವೆಲ್ಲ ಹೊಲ ಅಳೆದು ನಕ್ಷೆ ಬರೆಯುತ್ತಾಳೆ. ಭಾನುವಾರ ಮಾತ್ರ ಇಲ್ಲದ ಜಾಗಗಳ ನಕ್ಷೆ ಬರೆಯುತ್ತಾಳೆ: ಪಾಳೆಯಗಾರರ ಪಾಳುಬಿದ್ದ ಮನೆ, ಅದರ ಕೆಳಗೆ ನೆಲಮಾಳಿಗೆ, ಅದರ ಕೆಳಗೆ ಹಗೇವು, ಹಗೇವಿನ ಗೋಡೆ ಒಡೆದರೆ ಸುರಂಗ. ಹಗೇವು ಎಂದರೆ ರಾಗಿ ಕಾಯ್ದಿಡಲು ನಮ್ಮ ಕಡೆ ನೆಲದೊಳಗೆ ತೋಡುತ್ತಿದ್ದ, ಮಡಕೆಯಂತೆ ಬಾಯಿ ಕಿರಿದಾದ ಗುಂಡಿ. ಇವೆಲ್ಲ ಒಂದು ಆಟಕ್ಕಾಗಿ. ನಾಲ್ಕೈದು ಜನ ಮೇಜಿನ ಸುತ್ತ ಕೂರಬೇಕು. ಒಬ್ಬರು ಆಟ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ: ಕಳ್ಳ, ಸಿಪಾಯಿ, ಮಂತ್ರವಾದಿ, ಹೀಗೆ. ನಡೆಸುವವರು "ನಿಮ್ಮ ಎದುರು ಇಂಥದ್ದಿದೆ, ಏನು ಮಾಡುತ್ತೀರಿ?" ಎನ್ನುತ್ತಾರೆ. ಆಡುವವರು ಬಾಯಲ್ಲಿ ಹೇಳುತ್ತಾರೆ. ಆಗುತ್ತೋ ಇಲ್ಲವೋ ಎಂಬ ಅನುಮಾನ ಬಂದಾಗ ಮಾತ್ರ ದಾಳ. ಇದರಲ್ಲೇ ಹಳೆಯ ಕಾಲದ ಬಗೆಯೊಂದು ಇದೆಯಂತೆ. ನಿಯಮ ಬಹಳ ಕಡಿಮೆ, ಸಾಯುವುದು ಬಹಳ ಸುಲಭ. ಸವಿತಾಳದು ಆ ಬಗೆ.

ಅವಳು ಅಂತರ್ಜಾಲದಲ್ಲಿ ಹಾಕಿದ್ದ ನಕ್ಷೆಯ ಒಂದೆರಡು ತುಣುಕು ನೋಡಿ, ಇಂಗ್ಲೆಂಡಿನ ಉತ್ತರಕ್ಕೆ, ಡರ್ಹಮ್ ಕಡೆಯ ಚಿಕ್ಕ ಊರೊಂದರಲ್ಲಿ ವರ್ಷಕ್ಕೊಮ್ಮೆ ಇಂಥ ಆಟಗಾರರನ್ನು ಸೇರಿಸುವ ಹೆಲೆನ್ ಎಂಬುವರು "ಬಂದು ನಡೆಸಿಕೊಡಿ" ಎಂದು ಕರೆದರು. ಅವಳನ್ನು ಒಬ್ಬಳೇ ಕಳಿಸಲು ತಂಗಿ ಒಪ್ಪಲಿಲ್ಲ. ಸಿಂಗಪುರ ಪ್ರವಾಸಕ್ಕೆಂದು ಮಾಡಿಸಿ ಬಳಸದೇ ಇಟ್ಟಿದ್ದ ಪಾಸ್‌ಪೋರ್ಟ್ ನನ್ನ ಬಳಿ ಇತ್ತು. ಎಚ್.ಡಿ. ಕೋಟೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಮೂವತ್ತು ವರ್ಷ ದುಡಿದವಳು ನಾನು. ಸಾಮಾನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಪೆಟ್ಟಿಗೆಯಲ್ಲಿ ಅರವತ್ತು ಪುಸ್ತಕ ಇದ್ದವು. ಸವಿತಾ ಕೈಯಲ್ಲೇ ಬರೆದು, ಹುಣಸೂರಿನಲ್ಲಿ ಜೆರಾಕ್ಸ್ ಮಾಡಿಸಿ, ಹೊಲಿಸಿದ್ದು. ಮೂಲ ಪ್ರತಿ ಮತ್ತು ನಕಲು ಒಟ್ಟಿಗೆ ಇರಬೇಕು ಎಂಬುದು ನನ್ನ ಕ್ರಮ. ಮೂಲ ಹಾಳೆಗಳನ್ನೂ ಅದರಲ್ಲೇ ಇಟ್ಟಿದ್ದೆ.

"ಇದನ್ನು ಕಟ್ಟಿದವರು ಯಾರು?" ಎಂದರು ಅಧಿಕಾರಿಣಿ.

"ನಾನೇ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

ತೆರೆದರು. ಹತ್ತು ಪುಸ್ತಕಕ್ಕೆ ಒಂದರಂತೆ, ಚೆನ್ನಾಗಿ ಹದವಾದ, ಹೊಂಬಣ್ಣದ ಹೊಗೆಸೊಪ್ಪಿನ ಎಲೆ.

"ದೊಡ್ಡಮ್ಮ! ಹೊಗೆಸೊಪ್ಪು ಇಟ್ಟಿದ್ದೀರಾ?"

"ಹುಳ ಹತ್ತಬಾರದು ಅಂತ ಕಣವ್ವ. ಹಾಸ್ಟೆಲಿನ ರಿಜಿಸ್ಟರಿಗೂ ಇಡ್ತಿದ್ದೆ. ಒಂದಕ್ಕೂ ಹುಳ ಬಿದ್ದಿಲ್ಲ."

ಪಿರಿಯಾಪಟ್ಟಣದ ಕಡೆ ಹುಟ್ಟಿ ಬೆಳೆದವರಿಗೆ ಹೊಗೆಸೊಪ್ಪಿನ ವಾಸನೆ ತಿಳಿಯುವುದಿಲ್ಲ. ಬ್ಯಾರನ್ ಎಂಬ ಬಿಸಿಗೂಡಿನಲ್ಲಿ ಎಲೆ ಬೇಯಿಸುವ ಕಾಲದಲ್ಲಿ ನಮ್ಮ ಬಟ್ಟೆ, ಹಾಸಿಗೆ, ಅಕ್ಕಿ ಎಲ್ಲ ಅದೇ ಗಮ. ಆ ನಾಯಿಗೆ ಅರವತ್ತು ಹೆಜ್ಜೆ ದೂರದಿಂದಲೇ ತಿಳಿದಿತ್ತು.

"ಎಷ್ಟು ಎಲೆ ಇವೆ?"

"ಆರು. ಎಣಿಸಿಯೇ ಇಟ್ಟಿದ್ದೇನೆ."

ಅವರೂ ಎಣಿಸಿದರು. ಆರೇ ಇದ್ದವು. ಅಧಿಕಾರಿಣಿಗೆ ನಗು ಬಂತು, ತಡೆದುಕೊಂಡರು. ಆದರೆ ಪೆಟ್ಟಿಗೆಯನ್ನು ಇಡಿಯಾಗಿ ಪರೀಕ್ಷೆಗೆ ಇಟ್ಟುಕೊಳ್ಳಬೇಕು, ವಿಳಾಸ ಕೊಟ್ಟರೆ ಕೆಲವು ದಿನಗಳಲ್ಲಿ ಕಳಿಸುತ್ತೇವೆ ಎಂದರು. ನಿಯಮ ನಿಯಮವೇ. ನಾನು ಅವರ ಜಾಗದಲ್ಲಿದ್ದರೆ ಹಾಗೆಯೇ ಮಾಡುತ್ತಿದ್ದೆ. ಅಂದು ಗುರುವಾರ. ಸವಿತಾ ಆಟ ನಡೆಸಬೇಕಾದದ್ದು ಶನಿವಾರ.

ರೈಲಿನಲ್ಲಿ

ಹೊರಗೆ ಕುರಿ, ಹಸಿರು, ಮತ್ತೆ ಕುರಿ. ಹೊಲ ಹೊಲದ ನಡುವೆ ಗಾರೆಯಿಲ್ಲದೆ ಕಲ್ಲು ಪೇರಿಸಿ ಕಟ್ಟಿದ ಗೋಡೆ. ಬೇರೆ ದಿನವಾಗಿದ್ದರೆ ಸವಿತಾ ಆ ಗೋಡೆಗಳ ಬಗ್ಗೆ ಒಂದು ಗಂಟೆ ಮಾತಾಡುತ್ತಿದ್ದಳು.

"ಇಲ್ಲಿ ಬದುವಿನ ಜಗಳವೇ ಇರಲ್ವೇನೋ ಅಲ್ವಾ?" ಎಂದೆ.

"ಹ್ಞೂಂ."

"ಫೋನಿನಲ್ಲಿ ಫೋಟೋ ತೆಗೆದಿರಬೇಕಲ್ಲ, ಹಾಳೆಗಳದ್ದು?"

"ಮುಖಪುಟದ್ದು ಒಂದಿದೆ."

ಅಷ್ಟೇ. ಬೋಗಿಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮೈಸೂರಿನಿಂದ ಹುಣಸೂರಿಗೆ ಹೊರಟ ಬಸ್ಸಿನಲ್ಲಿ ಬಿಳಿಕೆರೆ ಬರುವ ಹೊತ್ತಿಗೆ ಪಕ್ಕದವರ ಸೊಸೆಯ ತವರು ಯಾವುದು ಎಂದು ನಮಗೆ ತಿಳಿದಿರುತ್ತದೆ. ಇಲ್ಲಿ ಎದುರಿಗೆ ಕುಳಿತವರು, ನನ್ನ ಕಾಲು ಅವರ ಕಾಲಿಗೆ ತಾಗಿದಾಗ, ಅವರೇ ಕ್ಷಮೆ ಕೇಳಿದರು. ತಪ್ಪು ಮಾಡಿದವಳು ನಾನು, ಕ್ಷಮೆ ಕೇಳಿದವರು ಅವರು. ಆ ದಿನ ನನಗೆ ಅದು ಚುಚ್ಚಿತು.

ಹೆಲೆನ್ ಅವರ ಮನೆ

ಹೆಲೆನ್‌ಗೆ ಅರವತ್ತು ದಾಟಿದೆ. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಂಟಿ, ಲವಲವಿಕೆಯ ಹೆಂಗಸು. ಮನೆಯೊಳಗೆ ಚಪ್ಪಲಿ ಹಾಕುತ್ತಾರೆ. ಸೋಫಾದ ಒಳ್ಳೆಯ ಜಾಗ ಅವರ ನಾಯಿಗೆ ಮೀಸಲು. ಆ ವಾರ ನಾಯಿಗಳ ವಿಷಯದಲ್ಲಿ ನನಗೆ ಧೈರ್ಯ ಉಳಿದಿರಲಿಲ್ಲ, ಕುರ್ಚಿಯಲ್ಲೇ ಕುಳಿತೆ. ಬಚ್ಚಲಿನಲ್ಲಿ ಎರಡು ನಲ್ಲಿ. ಒಂದರಲ್ಲಿ ಕೈ ಸುಡುವ ನೀರು, ಇನ್ನೊಂದರಲ್ಲಿ ಕೈ ಮರಗಟ್ಟುವ ನೀರು. ನಡುವಿನದು ಬೇಕಾದರೆ ತೊಟ್ಟಿಯಲ್ಲಿ ಬೆರೆಸಿಕೊಳ್ಳಬೇಕು. ಇಷ್ಟು ಅಚ್ಚುಕಟ್ಟಿನ ಜನ ಇದನ್ನೇಕೆ ಸರಿಮಾಡಿಕೊಂಡಿಲ್ಲ ಎಂದು ಕೇಳಿದರೆ, ಹೆಲೆನ್ ಆ ಪ್ರಶ್ನೆಯನ್ನೇ ಮೊದಲ ಸಲ ಕೇಳಿದವರಂತೆ ನಲ್ಲಿಗಳನ್ನು ನೋಡಿದರು.

ಪೆಟ್ಟಿಗೆಯ ಕಥೆ ಕೇಳಿ ಅವರು "ಓ" ಎಂದು, ಚಹಾಕ್ಕೆ ನೀರಿಟ್ಟರು. ಅಲ್ಲಿ ಸಾವಿಗೂ ಗೆಲುವಿಗೂ ಅದೇ ಮೊದಲ ಕೆಲಸ ಎಂದು ಆಮೇಲೆ ಗೊತ್ತಾಯಿತು.

ಶುಕ್ರವಾರ ಬೆಳಿಗ್ಗೆ ತಂಗಿ ಜಯಮ್ಮನಿಗೆ ಫೋನ್ ಮಾಡಿದೆ. ಮುಚ್ಚಿಡುವುದು ನನಗೆ ಬರುವುದಿಲ್ಲ, ಎಲ್ಲ ಹೇಳಿದೆ.

"ಅಯ್ಯೋ ಅಕ್ಕ! ನೀನಿದ್ರೆ ಎಲ್ಲ ನೆಟ್ಟಗಿರ್ತದೆ ಅಂತಾನೇ ಜತೇಲಿ ಕಳ್ಸಿದ್ದು ಕಣಕ್ಕ!"

"ಗೊತ್ತು ಕಣೇ."

"ನಿನ್ ರಿಜಿಸ್ಟ್ರಿಗಾದ್ರೆ ಹುಳ ಬೀಳ್ಬೋದು. ಆ ಮಗೀನ ಪುಸ್ತಕ ಹೊಲ್ಸಿ ಮೂರೇ ದಿನ, ಅದ್ರಲ್ಲಿ ಯಾವ ಹುಳ ಬತ್ತಿತ್ತು? ಅವಳು ಉಂಡ್ಲಾ?"

"ಇಲ್ಲ."

"ನೀನು?"

ನಾನು ಬೇರೆ ಮಾತು ತೆಗೆದೆ.

ಸವಿತಾ ಮಹಡಿಯ ಕೋಣೆಯಲ್ಲಿ ಕಿಟಕಿಗೆ ಮುಖ ಮಾಡಿ ಕುಳಿತಿದ್ದಳು. "ನಾಳೆ ನಾನು ಬರಲ್ಲ ದೊಡ್ಡಮ್ಮ. ನೀವು ಹೋಗಿ ನೋಡ್ಕೊಂಡು ಬನ್ನಿ" ಎಂದಳು.

"ನೆನಪಿರೋದನ್ನ ಹೇಳಬಾರದಾ?"

"ಮೂವತ್ತೊಂದು ಕೋಣೆ ಇದೆ. ಯಾವ ಕೋಣೆಯಲ್ಲಿ ಏನು, ಯಾವ ಬಾಗಿಲು ಎಲ್ಲಿಗೆ. ನಾಲ್ಕು ವರ್ಷದ ಭಾನುವಾರಗಳು ಅವು. ಗೊತ್ತಿಲ್ಲದ ಜನರ ಮುಂದೆ ಒಂದು ಸಲವೂ ನಡೆಸಿಲ್ಲ ನಾನು. ಮನೇಲಿ ನಡೆಸಿದಾಗ ಎಲ್ಲ ನಕ್ಕರು. ಇಲ್ಲೂ ತಡವರಿಸಿದರೆ ಮುಗೀತು. ಊರಿಗೆ ಹೋಗಿ ಹೊಲ ಅಳ್ಕೊಂಡಿರ್ತೀನಿ. ಈ ಮಕ್ಕಳಾಟ ಸಾಕು."

ಮಕ್ಕಳಾಟ ಎಂಬುದು ನನ್ನ ಮಾತು. ನಾಲ್ಕು ವರ್ಷದಲ್ಲಿ ಅವಳು "ಬನ್ನಿ ದೊಡ್ಡಮ್ಮ, ಆಡಿ" ಎಂದು ಕರೆದಾಗಲೆಲ್ಲ ನಾನು ಆಡಿದ್ದು ಅದನ್ನೇ. ನಿಯಮವೇ ಇಲ್ಲದ ಮೇಲೆ ಅದೆಂಥ ಆಟ ಎಂದೂ ಸೇರಿಸುತ್ತಿದ್ದೆ. ಹುಡುಗಿಯರಿಗೆ ಏಳು, ಕೂರು, ಓದು ಎಂದು ಹೇಳಿ ಅಭ್ಯಾಸವಾದ ಬಾಯಿ ನನ್ನದು. ಆ ದಿನ ಅವಳು ಮುಟ್ಟದ ತಟ್ಟೆಯನ್ನು ಎತ್ತಿಕೊಂಡು ಕೆಳಗಿಳಿದೆ.

(ಪೆಟ್ಟಿಗೆ ಮುಂದಿನ ಬುಧವಾರ ಬಂತು. ಹೊಗೆಸೊಪ್ಪಿನ ಎಲೆಗಳನ್ನು ಬಿಟ್ಟರೆ ಎಲ್ಲವೂ ನಾನಿಟ್ಟ ಕ್ರಮದಲ್ಲೇ ಇತ್ತು. ಆದರೆ ಶನಿವಾರಕ್ಕೆ ಬುಧವಾರದಿಂದ ಏನು ಉಪಯೋಗ?)

ಹೆಲೆನ್ ಬಲವಂತ ಮಾಡಲಿಲ್ಲ. "ಇಬ್ಬರೋ ಮೂವರೋ ಹೆಸರು ಬರೆದಿದ್ದಾರೆ. ಆಟ ಇಲ್ಲ ಎಂದು ನೀನೇ ಬಂದು ಹೇಳಿದರೆ ಚೆನ್ನ. ನಮ್ಮಲ್ಲಿ ಹಾಗೆ ರೂಢಿ" ಎಂದರು. ಸವಿತಾ ಅದಕ್ಕೆ ಒಪ್ಪಿದಳು. ಅಷ್ಟರ ಮಟ್ಟಿಗೆ ಅವಳು ನನ್ನ ಕೈಯಲ್ಲಿ ಬೆಳೆದವಳು.

ಸಭಾಭವನ, ಶನಿವಾರ

ಚರ್ಚಿನ ಪಕ್ಕದ ಹಳೆಯ ಕಟ್ಟಡ. ಹತ್ತು ಹನ್ನೆರಡು ಮೇಜು, ಮೂಲೆಯಲ್ಲಿ ಚಹಾದ ದೊಡ್ಡ ಹಂಡೆ. ಯಾವ ಮೇಜಿನಲ್ಲಿ ಯಾರ ಆಟ ಎಂದು ಗೋಡೆಯ ಮೇಲೆ ಹಾಳೆ, ಹಾಳೆಯ ಪಕ್ಕ ದಾರ ಕಟ್ಟಿದ ಪೆನ್ಸಿಲ್. ಪೆನ್ಸಿಲಿಗೆ ದಾರ ಕಟ್ಟುವ ಜನರನ್ನು ನಾನು ನಂಬುತ್ತೇನೆ. ಆಡುವವರು ಹುಡುಗರೇ ಇರುತ್ತಾರೆ ಎಂದುಕೊಂಡಿದ್ದೆ. ಅರ್ಧಕ್ಕರ್ಧ ನನ್ನ ವಯಸ್ಸಿನವರಿದ್ದರು.

ನಮ್ಮ ಮೇಜಿನಲ್ಲಿ ಆಗಲೇ ಒಬ್ಬ ಮುದುಕ ಕುಳಿತಿದ್ದ. ಹೆಸರು ರಾನ್. ಟೋಪಿ ಮೊಣಕಾಲ ಮೇಲೆ, ಚೂಪು ಮಾಡಿದ ಎರಡು ಪೆನ್ಸಿಲ್ ಎದುರಿಗೆ. ಅವನ ಇಂಗ್ಲಿಷು ಹೆಲೆನ್ ಅವರದಂತಲ್ಲ. ನಮ್ಮ ಹಂಪಾಪುರದ ಕಡೆಯವರು ಆಡುವ ಹಾಗೆ ಮಾತಿನ ಮುಂದುಹಿಂದನ್ನು ನುಂಗಿಬಿಡುತ್ತಾನೆ. ಹೆಲೆನ್ ಎರಡನೆಯ ಸಲ ಹೇಳಿದ ಮೇಲೆಯೇ ನನಗೆ ಅರ್ಥವಾಗುತ್ತಿತ್ತು. ಅವನು ಆಡಿದ್ದನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಅದೇ ನಿಜಕ್ಕೆ ಹತ್ತಿರ.

"ಏನವ್ವ, ಆಟ ನಡ್ಸೋಳು ನೀನೇನಾ? ಎಲ್ಡು ಬಸ್ ಬದ್ಲಾಯ್ಸ್ಕಂಡು ಬಂದಿವ್ನಿ."

"ನನ್ನ ಪುಸ್ತಕ ಬಂದಿಲ್ಲ" ಎಂದಳು ಸವಿತಾ. "ಅದಕ್ಕೇ ಇವತ್ತು..."

"ನಾನೇನು ಪುಸ್ತಕ ಓದಾಕ್ ಬಂದಿದ್ದೀನಾ? ಕೂತ್ಕೊ."

ಅವಳು ಹೆಲೆನ್ ಕಡೆ ನೋಡಿದಳು. ಹೆಲೆನ್ ಚಹಾ ಹಂಡೆಯ ಕಡೆ ನೋಡಿದರು. ಸವಿತಾ ಕುಳಿತಳು. ಗಂಡಹೆಂಡತಿ ಇಬ್ಬರು ಬಂದರು; ನಡುವಯಸ್ಸು, ಇಬ್ಬರೂ ಒಂದೇ ಬಣ್ಣದ ಸ್ವೆಟರ್. ಆಟಕ್ಕೆ ನಾಲ್ವರಾದರೂ ಬೇಕು. ಎಲ್ಲರೂ ಒಟ್ಟಿಗೆ ನನ್ನನ್ನು ನೋಡಿದರು.

ಬಲ, ಚುರುಕು, ಧೈರ್ಯ, ಮೂರಕ್ಕೂ ಮೂರು ಮೂರು ದಾಳ ಹಾಕಬೇಕು. ನನ್ನ ಧೈರ್ಯಕ್ಕೆ ಹದಿನೆಂಟರಲ್ಲಿ ನಾಲ್ಕು ಬಿತ್ತು. ಪಾತ್ರಕ್ಕೆ ಕೆಂಚಮ್ಮ ಎಂದು ಹೆಸರಿಟ್ಟೆ, ಹಗ್ಗ ಹೊಸೆಯುವ ಕಸುಬು ಕೊಟ್ಟೆ. ಸವಿತಾ ಒಂದು ನಿಮಿಷದಲ್ಲಿ ನಿಯಮ ಹೇಳಿ ಮುಗಿಸಿದಳು.

"ಇಷ್ಟೇನಾ?" ಎಂದೆ.

"ಇಷ್ಟೇ ದೊಡ್ಡಮ್ಮ."

ಹಾಸ್ಟೆಲಿನ ಊಟದ ಮನೆಯೊಂದಕ್ಕೇ ನಾನು ನಲವತ್ತೆರಡು ನಿಯಮ ಬರೆದು ಗೋಡೆಗೆ ಹಾಕಿದ್ದೆ.

ಹಗೇವಿನ ಬಾಯಿ

ಮೊದಲ ಅರ್ಧ ಗಂಟೆ ಕಷ್ಟವಾಯಿತು. ಪರೀಕ್ಷೆಯಲ್ಲಿ ಬಾಯಿಪಾಠ ಮರೆತ ಹುಡುಗಿಯಂತೆ ಸವಿತಾ ಹೇಳುತ್ತ ಹೋದಳು. ಬಾಗಿಲು ಬಲಕ್ಕೆ ಎಂದು, ಅಲ್ಲ ಎಡಕ್ಕೆ ಎಂದಳು. ಧ್ವನಿ ಇಳಿಯುತ್ತ ಬಂತು. ಅವಳ ಎಡಗೈ ಮೇಜಿನ ಮೇಲೆ ಏನನ್ನೋ ಹುಡುಕುತ್ತಿತ್ತು. ಪುಸ್ತಕ ಇರಬೇಕಾದ ಜಾಗ ಅದು.

ಕೊನೆಗೆ ನಾವು ಪಾಳುಮನೆಯ ನಡುಮನೆಯಲ್ಲಿ, ಚಪ್ಪಡಿ ಮುಚ್ಚಿದ ಹಗೇವಿನ ಬಾಯಿಗೆ ಬಂದೆವು. ಚಪ್ಪಡಿ ಎತ್ತಿದೆವು. ಕೆಳಗೆ ಕತ್ತಲೆ.

"ಏನು ಮಾಡುತ್ತೀರಿ?" ಎಂದಳು ಸವಿತಾ.

ಹಗೇವು ತೆಗೆದ ಕೂಡಲೇ ಇಳಿಯಬಾರದು ಎಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎಷ್ಟೋ ವರ್ಷ ಮುಚ್ಚಿದ ಗುಂಡಿಯಲ್ಲಿ ಗಾಳಿ ಕೆಟ್ಟಿರುತ್ತದೆ, ಇಳಿದವರು ಎದ್ದು ಬರುವುದಿಲ್ಲ. ಸವಿತಾಳ ಪುಸ್ತಕದ ಮೊದಲ ಪುಟದಲ್ಲೇ ಪರದೇಶದವರಿಗಾಗಿ ಈ ಮಾತು ಇತ್ತು. ಈಗ ಪುಸ್ತಕ ಇಲ್ಲ. ನಾನು ಬಾಯಿ ತೆರೆದು, ಮುಚ್ಚಿಕೊಂಡೆ. ನಡೆಸುವವಳ ದೊಡ್ಡಮ್ಮ ನಾನು. ನಾನು ಹೇಳಿದರೆ ಕಾಪಿ ಹೊಡೆದ ಹಾಗಲ್ಲವೇ?

"ಹಗ್ಗ ಹಿಡಿದು ಇಳಿಯುತ್ತೇನೆ" ಎಂದ ಸ್ವೆಟರಿನ ಗಂಡ.

"ಹಾಗೆಯೇ?"

"ಹಾಗೆಯೇ."

ಸವಿತಾಳ ಕೈ ಮತ್ತೆ ಆ ಖಾಲಿ ಜಾಗಕ್ಕೆ ಹೋಯಿತು. ಈ ಸಲ ಅದನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಅರ್ಧ ಇಳಿದಿದ್ದೀರಿ. ಕಾಲಲ್ಲಿ ಶಕ್ತಿ ಇಲ್ಲ. ಮೇಲೆ ಕೂಗೋಣ ಎಂದರೆ ಧ್ವನಿ ಬರುತ್ತಿಲ್ಲ. ಕೈ ಬಿಟ್ಟಿತು. ನೀವು ಬಿದ್ದ ಸದ್ದು ಇವರಿಗೆ ಕೇಳಿಸಿತು. ಆಮೇಲೆ ಯಾವ ಸದ್ದೂ ಇಲ್ಲ."

ಆತ ಕಣ್ಣು ಬಿಟ್ಟು ನೋಡಿದ. "ಸತ್ತೆನೇ? ಒಂದು ದಾಳವೂ ಹಾಕದೆ?"

ಸವಿತಾಳ ಕಿವಿ ಕೆಂಪಾದದ್ದು ನನಗೆ ಕಾಣಿಸಿತು. ಈಗ ಅವಳು ಕ್ಷಮೆ ಕೇಳಿ, ಸರಿ ಹಾಕಿ ಎಂದುಬಿಟ್ಟರೆ, ಆಟ ಅಲ್ಲಿಗೆ ಮುಗಿದಂತೆ. ನನಗೂ ಅದು ಹೇಗೋ ಅರ್ಥವಾಯಿತು.

"ಇಲ್ಲ" ಎಂದಳು. "ಆ ಗಾಳಿಗೆ ದಾಳ ಇಲ್ಲ."

ರಾನ್ ಮೊಣಕಾಲ ಮೇಲಿನ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟ.

"ಸರ್ಯಾಗೇಳ್ದೆ ಕಣವ್ವ. ಆ ಗಾಳಿಗೆ ದಾಳ ಇಲ್ಲ." ಅವನು ಸ್ವೆಟರಿನವನ ಕಡೆ ತಿರುಗಿದ. "ನಮ್ ತಾತ ಕಲ್ಲಿದ್ದಲು ಗುಂಡೀಲಿ ಇದ್ದ. ನಮ್ಮಪ್ಪ ಇದ್ದ. ಮುಚ್ಚೋಗಂಟ ನಾನೂ ಇದ್ದೆ. ದೀಪ ಬುಟ್ಟು ಇಳ್ದೋರ್ನ ಹೊತ್ಕಂಡು ಬರೋದೇಯ. ನೀ ಯಾವೂರೋನಯ್ಯ?"

"ಲಂಡನ್" ಎಂದಳು ಹೆಂಡತಿ, ಗಂಡನ ಪರವಾಗಿ, ನಾಚಿಕೊಂಡು. ಎಲ್ಲರೂ ನಕ್ಕರು. ಗಂಡನೂ ನಕ್ಕ. ಎದ್ದು ನಿಂತು ಸತ್ತ ಪಾತ್ರಕ್ಕೆ ಒಂದು ಸಲಾಮು ಹೊಡೆದು, ಅದರ ಹಾಳೆಯನ್ನು ಎರಡು ತುಂಡು ಮಾಡಿ, ಹೊಸ ಹಾಳೆಗೆ ಕೈ ಚಾಚಿದ. ಎರಡೇ ನಿಮಿಷದಲ್ಲಿ ಸತ್ತವನ ತಮ್ಮ ಹುಟ್ಟಿ ಬಂದ. ಅವನು ಬಹಳ ಜಾಗ್ರತೆಯ ಮನುಷ್ಯನಂತೆ. ನಿಯಮ ನಾಲ್ಕೇ ಇದ್ದರೆ ಇದೊಂದು ಸುಖ: ಸತ್ತರೆ ಮತ್ತೆ ಹುಟ್ಟಲು ಹೆಚ್ಚು ಹೊತ್ತು ಬೇಡ.

"ಮೊದ್ಲು ದೀಪ ಇಳಿಬುಡ್ತೀನಿ" ಎಂದ ರಾನ್.

"ಅರ್ಧಕ್ಕೇ ಆರಿತು" ಎಂದಳು ಸವಿತಾ. ಈಗ ಅವಳ ಧ್ವನಿ ನೆಟ್ಟಗಿತ್ತು.

ಕೆಟ್ಟ ಗಾಳಿಯ ಮಾತನ್ನು ಮೊದಲು ತೆಗೆದವನು ರಾನ್, ನಾನಲ್ಲ. ಈಗ ನನ್ನ ಬಾಯಿಗೆ ತಡೆ ಇರಲಿಲ್ಲ. ಹೊಂಗೆಯ ಹಸಿ ಕೊಂಬೆಗಳನ್ನು ಕಟ್ಟಿ ಹಗ್ಗಕ್ಕೆ ಸೇರಿಸಿ, ಗುಂಡಿಯಲ್ಲಿ ಮೇಲೆ ಕೆಳಗೆ ಆಡಿಸಿದರೆ ಒಳಗಿನ ಗಾಳಿ ಬದಲಾಗುತ್ತದೆ ಎಂದೆ. ಹಾಗೆ ಮಾಡಬಹುದು ಎಂದು ಸವಿತಾಳ ನಿಯಮದಲ್ಲಿ ಇಲ್ಲ. ಮಾಡಬಾರದು ಎಂದೂ ಇಲ್ಲ. ಅವಳು ಒಂದು ಗಳಿಗೆ ಯೋಚಿಸಿ, "ಒಂದು ಹಗಲು ಹಿಡಿಯುತ್ತೆ, ಅಷ್ಟರಲ್ಲಿ ಯಾರಾದರೂ ಬಂದರೆ?" ಎಂದು ದಾಳ ಹಾಕಿದಳು. ಯಾರೂ ಬರಲಿಲ್ಲ.

ಮೂವರು ಇಳಿದರು. ಕೆಂಚಮ್ಮ ಇಳಿಯಲಿಲ್ಲ. ಹಗ್ಗ ಹಿಡಿದು ಬಾಯಲ್ಲಿ ಕುಳಿತಳು. "ದೀಪದ ಎಣ್ಣೆ ಅರ್ಧಕ್ಕೆ ಬಂದ ಕೂಡಲೇ ಎಳೆಯುತ್ತೇನೆ. ಯಾರು ಏನೇ ಕೂಗಲಿ" ಎಂದು ಮೊದಲೇ ಹೇಳಿದೆ. ಕೆಳಗೆ ಕಣ್ಣಿಲ್ಲದ ಹಾವೊಂದಿತ್ತು. ರಾನ್ ಅದರ ಜೊತೆ ಹೊಡೆದಾಡದೆ, ಸತ್ತವನ ಬುತ್ತಿಯನ್ನು ಮೂಲೆಗೆ ಎಸೆದು ಪಕ್ಕದಲ್ಲೇ ನುಸುಳಿದ. ಗೋಡೆಯ ಸಂದಿನಿಂದ ಬಂಗಾರದ ಕಾಳು ಸುರಿಯತೊಡಗಿತು. ಸ್ವೆಟರಿನವರು ಇಬ್ಬರೂ ಮಡಿಲು ಒಡ್ಡಿದರು. ಅದೇ ಹೊತ್ತಿಗೆ ಸವಿತಾ, "ಎಣ್ಣೆ ಅರ್ಧ" ಎಂದಳು.

"ಎಳೆದೆ" ಎಂದೆ.

"ಇನ್ನೊಂದು ಹಿಡಿ! ಒಂದೇ ಹಿಡಿ!" ಎಂದು ಆ ಹೆಂಡತಿ ನಿಜವಾಗಿ ಕುರ್ಚಿಯಿಂದ ಎದ್ದಳು.

"ಆಗಲ್ಲ. ಟೈಮ್ ಆಯ್ತು."

ಸವಿತಾ ನಕ್ಕಳು. ವಿಮಾನದಿಂದ ಇಳಿದ ಮೇಲೆ ಮೊದಲ ಸಲ. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಹಾಸ್ಟೆಲಲ್ಲೂ ಇವರು ಹಿಂಗೇ" ಎಂದು ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದಳು. ಮೂವರೂ ಜೀವಂತ ಮೇಲೆ ಬಂದರು. ಮಡಿಲಲ್ಲಿದ್ದ ಕಾಳು ಬಿಸಿಲಿಗೆ ಬಂದ ಕೂಡಲೇ ರಾಗಿಯಾಯಿತು. ಅದು ಪುಸ್ತಕದಲ್ಲಿ ಇತ್ತೋ, ಆಗ ಹೊಳೆದದ್ದೋ, ನಾನು ಕೇಳಲಿಲ್ಲ.

ಸಭಾಭವನದ ಮೆಟ್ಟಿಲು

ಆಟ ಮುಗಿದ ಮೇಲೆ ಇಬ್ಬರೂ ಹೊರಗೆ ಬಿಸಿಲಿಗೆ ಬಂದು ನಿಂತೆವು. ಅಲ್ಲಿಯವರು ಆ ಎಳೆಬಿಸಿಲನ್ನು ಸೆಕೆ ಎನ್ನುತ್ತಿದ್ದರು. ಸವಿತಾ ಗೋಡೆಗೆ ಒರಗಿದಳು.

"ನಿಮ್ಮನ್ನ ಬಯ್ಯೋಕೆ ಎರಡು ದಿನದಿಂದ ಮಾತು ಜೋಡಿಸ್ಕೊಂಡಿದ್ದೆ ದೊಡ್ಡಮ್ಮ."

"ಬಯ್ಯಿ, ಈಗ. ನಾನೇನು ಓಡಿ ಹೋಗಲ್ಲ."

"ಎಲ್ಲ ಮರ್ತೋಯ್ತು."

ಹಿಂದಿನಿಂದ ಹೆಲೆನ್ ಗೋಡೆಯ ಹಾಳೆಯನ್ನೇ ಕಿತ್ತುಕೊಂಡು ಬಂದರು. ನಾಳೆ ಬೆಳಿಗ್ಗೆ ಇನ್ನೊಂದು ಸಲ ನಡೆಸಬೇಕಂತೆ, ಆರು ಹೆಸರು ಬಂದಿವೆ. ಮೊದಲನೆಯದು ರಾನ್‌ನದು, ದಪ್ಪ ಅಕ್ಷರದಲ್ಲಿ. ಪುಸ್ತಕ ಬರುವುದು ಅನುಮಾನ, ಪರವಾಗಿಲ್ಲವೇ ಎಂದು ಹೆಲೆನ್ ಕೇಳಿದರು.

"ಪುಸ್ತಕ ಇಲ್ಲ ಅಂತ ಹಾಳೆಯಲ್ಲೇ ಬರೆದುಬಿಡಿ" ಎಂದಳು ಸವಿತಾ. ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಐದನೇ ಕೋಣೆಯಿಂದ ಶುರು. ನೀವು ಆಡಂಗಿಲ್ಲ ದೊಡ್ಡಮ್ಮ. ಆರು ಜನ ಆಗೋದ್ರು" ಎಂದಳು.

"ಒಳ್ಳೇದಾಯ್ತು ಬುಡು" ಎಂದೆ. ಒಳಗೊಳಗೇ ಸ್ವಲ್ಪ ಬೇಸರವೂ ಆಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಅವಳು ಪೆನ್ಸಿಲ್ ಇಸಿದುಕೊಂಡು ಮೆಟ್ಟಿಲ ಮೇಲೆ ಕುಳಿತು, ಬಿಸ್ಕತ್ತಿನ ಡಬ್ಬದ ರಟ್ಟಿನ ಮೇಲೆ ಐದನೇ ಕೋಣೆಯ ಗೋಡೆಗಳನ್ನು ಎಳೆಯತೊಡಗಿದಳು. ಗೆರೆಗಳು ನೇರವಾಗಿದ್ದವು. ನಾನು ಒಳಗೆ ಹೋಗಿ ತಟ್ಟೆ ತೆಗೆದುಕೊಂಡೆ. ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಬಟಾಣಿ, ಯಾವುದಕ್ಕೂ ಒಗ್ಗರಣೆ ಇಲ್ಲ. ಒಂದು ತಟ್ಟೆ ಮುಗಿಸಿದೆ. ಎದ್ದು ಹೋಗಿ ಎರಡನೆಯದು ಹಾಕಿಸಿಕೊಂಡೆ. ಬಡಿಸುವ ಹೆಂಗಸು ಕ್ಷಮೆ ಕೇಳಿ, ಇನ್ನೂ ಒಂದು ಸೌಟು ಹಾಕಲೇ ಎಂದರು. ಹಾಕಿ ಎಂದೆ.